ಮಾಲ್ಟಾ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪದೇಶ ಮಾಲ್ಟಾಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಮೂರೇ ದಿನ. ಎರಡನೇ ಸಲ ಅಮ್ಮನ ಜೊತೆ ಎಂಟು ದಿನ. ಬಂದ ಮೇಲೆ ನೆಂಟರು, ಆಫೀಸಿನವರು, ಅವರ ಪರಿಚಯದವರು ಫೋನ್ ಮಾಡಿ ಕೇಳಿದ್ದು ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳು. ಅವನ್ನೇ ಇಲ್ಲಿ ಉತ್ತರದ ಜೊತೆ ಬರೆದಿದ್ದೇನೆ.

ಅಷ್ಟು ಚಿಕ್ಕ ದ್ವೀಪ. ಎರಡು ದಿನ ಸಾಕಲ್ವಾ?

ಸಾಲದು. ಎಲ್ಲರೂ ಮಾಡುವ ತಪ್ಪು ಇದೇ, ಮೊದಲ ಸಲ ನಾನು ಮಾಡಿದ್ದೂ ಇದೇ. ಮಾಲ್ಟಾ, ಗೋಝೋ, ಕೊಮಿನೊ ಮೂರೂ ದ್ವೀಪ ಸೇರಿಸಿದರೆ 316 ಚದರ ಕಿ.ಮೀ. ಅಂದರೆ ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ದೊಡ್ಡ ದ್ವೀಪವನ್ನು ಈ ತುದಿಯಿಂದ ಆ ತುದಿಗೆ ಅಳೆದರೂ ಸುಮಾರು 27 ಕಿ.ಮೀ. ಮ್ಯಾಪ್ ನೋಡಿದವರಿಗೆ "ಒಂದು ದಿನದಲ್ಲಿ ಸುತ್ತಿ ಮುಗಿಸಬಹುದು" ಅನ್ನಿಸುತ್ತದೆ.

ಆದರೆ ಇಲ್ಲಿ ನೋಡುವುದು ಅಗಲಕ್ಕಿಲ್ಲ, ಆಳಕ್ಕಿದೆ. ಐದೂವರೆ ಸಾವಿರ ವರ್ಷ ಹಳೆಯ ಕಲ್ಲಿನ ಗುಡಿಗಳು, ರೋಮನ್ನರ ಕಾಲದ ನೆಲದಡಿಯ ಸಮಾಧಿಗಳು, ಅರಬ್ಬರು ಬಿಟ್ಟುಹೋದ ಊರ ಹೆಸರುಗಳು, ನೈಟ್ಸ್ ಎಂಬ ಕ್ರೈಸ್ತ ಯೋಧರು ಕಟ್ಟಿದ ಕೋಟೆಗಳು, ಬ್ರಿಟಿಷರ ಕೆಂಪು ಟೆಲಿಫೋನ್ ಪೆಟ್ಟಿಗೆಗಳು. ಎಲ್ಲಾ ಒಂದರ ಮೇಲೊಂದು ಕೂತಿವೆ. ಕಡಿಮೆ ಅಂದರೂ ಐದು ಪೂರ್ತಿ ದಿನ ಇಟ್ಟುಕೊಳ್ಳಿ. ಏಳು ಸಿಕ್ಕರೆ ಬಹಳ ಒಳ್ಳೆಯದು. ಐದು ದಿನವಾದರೆ ಎರಡು ದಿನ ರಾಜಧಾನಿ ವಲ್ಲೆಟ್ಟಾ ಮತ್ತು ಬಂದರಿನ ಸುತ್ತ, ಒಂದು ದಿನ ಹಳೆಯ ಗುಡಿಗಳಿಗೆ, ಒಂದು ದಿನ ಇಮ್‌ದೀನಾ ಮತ್ತು ರಬಾತ್‌ಗೆ, ಒಂದು ದಿನ ಗೋಝೋಗೆ. ಸಮುದ್ರಸ್ನಾನ ಬೇಕೆನ್ನುವವರು ಇನ್ನೊಂದು ದಿನ ಸೇರಿಸಿಕೊಳ್ಳಿ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ನಮ್ಮ ರಾಯಚೂರಿನಷ್ಟು ಇಲ್ಲದಿದ್ದರೂ ನೆರಳು ಕಡಿಮೆ. ಮರ ಕಮ್ಮಿ, ಹಳದಿ ಕಲ್ಲು ಬಿಸಿಲನ್ನು ಮುಖಕ್ಕೇ ಹೊಡೆಯುತ್ತದೆ. ಗುಡಿಗಳ ಬಯಲಿನಲ್ಲಿ ಮಧ್ಯಾಹ್ನ ನಿಲ್ಲುವುದು ಕಷ್ಟ. ಆಗಸ್ಟ್ 15 ಅಲ್ಲಿ ಸಾಂತಾ ಮರಿಯಾ ಹಬ್ಬ, ಬಹಳ ಅಂಗಡಿಗಳು ಬಾಗಿಲು ಹಾಕಿರುತ್ತವೆ.

ಬೇಸಿಗೆಗೆ ಒಂದು ಲಾಭವೂ ಇದೆ. ಊರೂರಲ್ಲೂ ಫೆಸ್ತಾ. ನಮ್ಮ ಊರ ಜಾತ್ರೆಯೇ ಅನ್ನಿ. ಊರಿನ ಸಂತನ ಮೂರ್ತಿಯನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ, ಬ್ಯಾಂಡು, ಬೀದಿ ತುಂಬ ದೀಪ, ರಾತ್ರಿ ಪಟಾಕಿ. ಪಕ್ಕದ ಊರಿನ ಪಟಾಕಿಗಿಂತ ನಮ್ಮದು ಜೋರಿರಬೇಕು ಎಂಬ ಪೈಪೋಟಿ ಅಲ್ಲೂ ಇದೆ. ಚಳಿಗಾಲದಲ್ಲಿ ರೂಮು ಅಗ್ಗ, ಜನ ಕಡಿಮೆ, ಆದರೆ ಮಳೆ ಗಾಳಿ ಇರುತ್ತದೆ. ಗಾಳಿ ಜೋರಾದರೆ ದೋಣಿಗಳು ನಿಂತುಬಿಡುತ್ತವೆ.

ವೀಸಾ?

ಮಾಲ್ಟಾ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ, ಅರ್ಜಿ ಕೇಂದ್ರದವರ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕೊನೆ ಗಳಿಗೆಗೆ ಬಿಡಬೇಡಿ. ಇಟಲಿ, ಮಾಲ್ಟಾ ಎರಡೂ ನೋಡುವುದಾದರೆ ಎಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು.

ಹೋಗುವುದು ಹೇಗೆ?

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ದುಬೈ, ಇಸ್ತಾಂಬುಲ್, ಇಲ್ಲವೇ ಯುರೋಪಿನ ಯಾವುದಾದರೂ ದೊಡ್ಡ ಊರಲ್ಲಿ ಬದಲಾಯಿಸಿ ಹೋಗಬೇಕು. ಇಟಲಿಯ ಸಿಸಿಲಿ ದ್ವೀಪದಿಂದ ಹಡಗೂ ಇದೆ, ಅಂತರ ಸುಮಾರು 90 ಕಿ.ಮೀ. ಅಷ್ಟೇ.

ಎಲ್ಲಿ ಉಳಿದುಕೊಳ್ಳುವುದು?

ಬಹಳ ಜನ ಸ್ಲೀಮಾ, ಸೇಂಟ್ ಜೂಲಿಯನ್ಸ್ ಕಡೆ ರೂಮು ಮಾಡುತ್ತಾರೆ. ಹೋಟೆಲು, ಅಂಗಡಿ, ರಾತ್ರಿ ಗದ್ದಲ ಎಲ್ಲ ಅಲ್ಲೇ. ಹಳೆಯದನ್ನು ನೋಡಲು ಬಂದವರು ವಲ್ಲೆಟ್ಟಾದಲ್ಲೋ ಎದುರು ದಡದ ಬಿರ್ಗುವಿನಲ್ಲೋ ಉಳಿಯಬೇಕು ಎಂಬುದು ನನ್ನ ಅಭಿಪ್ರಾಯ. ಹಗಲಿನ ಜನಜಂಗುಳಿ ಹೋದ ಮೇಲೆ ಆ ಬೀದಿಗಳಲ್ಲಿ ನಡೆಯುವ ಸುಖವೇ ಬೇರೆ. ಬೀದಿ ದೀಪದ ಬೆಳಕಿಗೆ ಕಲ್ಲಿನ ಗೋಡೆಗಳು ಜೇನಿನ ಬಣ್ಣಕ್ಕೆ ತಿರುಗುತ್ತವೆ. ಮೇಲೆ ಹಸಿರು, ಕೆಂಪು, ನೀಲಿ ಬಳಿದ ಮರದ ಬಾಲ್ಕನಿಗಳು. ಒಳಗೆ ಯಾರೋ ಪಾತ್ರೆ ತೊಳೆಯುವ ಸದ್ದೂ ಕೇಳಿಸುತ್ತದೆ.

ಬಸ್ಸು ಸಾಕಾ, ಕಾರು ಬೇಕಾ?

ಬಸ್ಸು ಸಾಕು. ವಲ್ಲೆಟ್ಟಾದ ಹೆಬ್ಬಾಗಿಲಿನ ಹೊರಗೆ ಟ್ರೈಟನ್ ಕಾರಂಜಿಯ ಸುತ್ತ ಬಸ್ ನಿಲ್ದಾಣ. ಹೆಚ್ಚಿನ ಊರಿಗೂ ಅಲ್ಲಿಂದಲೇ ಬಸ್ಸು. ಒಂದು ಟಿಕೆಟ್ ಎರಡು ಗಂಟೆ ನಡೆಯುತ್ತದೆ, ಅಷ್ಟರೊಳಗೆ ಬಸ್ಸು ಬದಲಾಯಿಸಬಹುದು. ವಾರಕ್ಕೆ ಓಡಾಡುವ ಕಾರ್ಡೂ ಸಿಗುತ್ತದೆ. ಒಂದೇ ತೊಂದರೆ, ಬೇಸಿಗೆಯಲ್ಲಿ ಬಸ್ಸು ತುಂಬಿದ್ದರೆ ನಿಲ್ಲಿಸದೆ ಹೋಗಿಬಿಡುತ್ತದೆ. ಹಾಗಾಗಿ ಬೆಳಿಗ್ಗೆ ಬೇಗ ಹೊರಡಿ.

ಅಲ್ಲಿ ನಮ್ಮ ಹಾಗೆ ರಸ್ತೆಯ ಎಡಗಡೆ ಓಡಿಸುತ್ತಾರೆ. 1964ರವರೆಗೆ ಬ್ರಿಟಿಷರ ಕೈಯಲ್ಲಿದ್ದ ದೇಶ. ಆದರೂ ಮಾಲ್ಟಾದಲ್ಲಿ ಕಾರು ಬಾಡಿಗೆಗೆ ತೆಗೆದುಕೊಳ್ಳುವುದು ಬೇಡ. ಟ್ರಾಫಿಕ್ ಜಾಸ್ತಿ, ಪಾರ್ಕಿಂಗ್ ಸಿಗುವುದಿಲ್ಲ. ಗೋಝೋದಲ್ಲಿ ಒಂದು ದಿನಕ್ಕೆ ಮಾತ್ರ ತೆಗೆದುಕೊಳ್ಳಬಹುದು.

ವಲ್ಲೆಟ್ಟಾದಲ್ಲಿ ಏನು ನೋಡಲೇಬೇಕು?

ಮೊದಲು ಈ ಊರು ಯಾಕೆ ಹುಟ್ಟಿತು ಅಂತ ತಿಳಿದುಕೊಂಡು ಹೋಗಿ. 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್, ಸೇಂಟ್ ಜಾನ್ ಪಂಥದ ನೈಟ್ಸ್‌ಗೆ ಈ ದ್ವೀಪಗಳನ್ನು ಕೊಟ್ಟ. ಗೇಣಿ ವರ್ಷಕ್ಕೆ ಒಂದು ಡೇಗೆ ಹಕ್ಕಿ. 1565ರ ಮೇ ತಿಂಗಳಲ್ಲಿ ಆಟೊಮನ್ ತುರ್ಕರ ದೊಡ್ಡ ಸೈನ್ಯ ಬಂದು ಮುತ್ತಿತು. ಬಂದರಿನ ಬಾಯಲ್ಲಿದ್ದ ಸೇಂಟ್ ಎಲ್ಮೊ ಕೋಟೆ ಜೂನ್ 23ಕ್ಕೆ ಬಿತ್ತು. ಆದರೆ ಎದುರು ದಡದ ಊರುಗಳು ಬೀಳಲಿಲ್ಲ. ಸೆಪ್ಟೆಂಬರ್ 8ಕ್ಕೆ ಮುತ್ತಿಗೆ ಮುಗಿಯಿತು. ಮರುವರ್ಷವೇ, ಮಾರ್ಚ್ 28ಕ್ಕೆ, ನೈಟ್ಸ್ ಮುಖ್ಯಸ್ಥ ಜಾನ್ ಡಿ ವಲೆಟ್ ಬೋಳು ಗುಡ್ಡದ ಮೇಲೆ ಹೊಸ ಊರಿಗೆ ಅಡಿಗಲ್ಲು ಹಾಕಿಸಿದ. ಅವನ ಹೆಸರೇ ಊರಿಗೆ ಬಂತು. ಬೀದಿಗಳು ಗೆರೆ ಎಳೆದ ಹಾಗೆ ನೇರ. ಸಮುದ್ರದ ಗಾಳಿ ಊರೊಳಗೆ ಓಡಾಡುತ್ತದೆ.

ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್ ಎಂಬ ದೊಡ್ಡ ಚರ್ಚು ಬಿಡಬೇಡಿ. ಹೊರಗಿನಿಂದ ಉಗ್ರಾಣದ ಹಾಗೆ ಸಾದಾ. ಒಳಗೆ ಕಾಲಿಟ್ಟರೆ ಗೋಡೆ, ಕಂಬ, ಕಮಾನು ಎಲ್ಲಾ ಚಿನ್ನದ ಬಣ್ಣದ ಕೆತ್ತನೆ. ಆ ಕೆತ್ತನೆ ತಂದು ಅಂಟಿಸಿದ್ದಲ್ಲ, ಗೋಡೆಯ ಕಲ್ಲಲ್ಲೇ ಕಡೆದದ್ದು. ನೆಲ ನೋಡಿ. ಸುಮಾರು 400 ಬಣ್ಣದ ಅಮೃತಶಿಲೆಯ ಚಪ್ಪಡಿಗಳು, ಒಂದೊಂದೂ ಒಬ್ಬೊಬ್ಬ ನೈಟ್‌ನ ಸಮಾಧಿ. ಒಂದರ ಮೇಲೆ ಕುಡುಗೋಲು ಹಿಡಿದ ಅಸ್ಥಿಪಂಜರ, ಇನ್ನೊಂದರ ಮೇಲೆ ಮರಳು ಗಡಿಯಾರ. ಚೂಪು ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಹೋದರೆ ಒಳಗೆ ಬಿಡುವುದಿಲ್ಲ, ಕಲ್ಲು ಹಾಳಾಗುತ್ತದೆ ಅಂತ.

ಪಕ್ಕದ ಪ್ರಾರ್ಥನಾ ಮಂದಿರದಲ್ಲಿ ಇಟಲಿಯ ಚಿತ್ರಕಾರ ಕಾರವಾಜೊ 1608ರಲ್ಲಿ ಬರೆದ ಚಿತ್ರ ಇದೆ. ಸಂತ ಜಾನ್‌ನ ತಲೆ ಕಡಿಯುವ ದೃಶ್ಯ. ಐದು ಮೀಟರಿಗೂ ಹೆಚ್ಚು ಅಗಲ. ಅರ್ಧಕ್ಕರ್ಧ ಚಿತ್ರ ಬರೀ ಕತ್ತಲೆ ಗೋಡೆ. ಕೆಳಗೆ ಹರಿದ ರಕ್ತವನ್ನು ಗಮನಿಸಿ, ಅದರಲ್ಲೇ ಕಲಾವಿದ ತನ್ನ ಹೆಸರು ಬರೆದಿದ್ದಾನೆ. ಅವನು ಸಹಿ ಹಾಕಿದ್ದು ಇದೊಂದೇ ಚಿತ್ರಕ್ಕೆ. ಅದೇ ವರ್ಷ ನೈಟ್ಸ್ ಪಂಥಕ್ಕೆ ಸೇರಿದವನು ಜಗಳವಾಡಿ ಜೈಲು ಸೇರಿದ, ತಪ್ಪಿಸಿಕೊಂಡು ಓಡಿದ. ಕೊನೆಗೆ ನೈಟ್ಸ್ ಅವನನ್ನು ಪಂಥದಿಂದ ಹೊರಹಾಕುವ ಸಭೆ ನಡೆಸಿದ್ದು ಇದೇ ಕೋಣೆಯಲ್ಲಿ, ಇದೇ ಚಿತ್ರದ ಎದುರು. ಅಮ್ಮ ಅಲ್ಲಿನ ಬೆಂಚಿನ ಮೇಲೆ ಕೂತವರು ಅರ್ಧ ಗಂಟೆ ಏಳಲಿಲ್ಲ. "ಬುಟ್ಟಿ ಹಿಡಿದು ನಿಂತಿದ್ದಾಳಲ್ಲ ಆ ಹುಡುಗಿ, ಅವಳ ಕೈ ನೋಡು" ಅಂದರು. ಭಾನುವಾರ ಪ್ರವಾಸಿಗರಿಗೆ ಪ್ರವೇಶ ಇಲ್ಲ, ನೆನಪಿರಲಿ.

ಮಧ್ಯಾಹ್ನ 12ಕ್ಕೆ ಅಪ್ಪರ್ ಬರಾಕ್ಕಾ ತೋಟದಲ್ಲಿರಿ. ಕೆಳಗಿನ ಫಿರಂಗಿಗಳ ಸಾಲಿನಿಂದ ತೋಪು ಹಾರಿಸುತ್ತಾರೆ. ಸಂಜೆ 4ಕ್ಕೂ ಉಂಟು. ಇಡೀ ಗ್ರ್ಯಾಂಡ್ ಹಾರ್ಬರ್ ಕಣ್ಣ ಮುಂದೆ ಇರುತ್ತದೆ.

ಹೈಪೋಜಿಯಂ ಟಿಕೆಟ್ ಯಾಕೆ ಸಿಗುವುದಿಲ್ಲ?

ಹೈಪೋಜಿಯಂ ಎಂದರೆ ನೆಲದಡಿ ಬಂಡೆ ಕೊರೆದು ಮಾಡಿದ ಪುರಾತನ ಸಮಾಧಿ. ದಿನಕ್ಕೆ 80 ಜನರನ್ನು ಮಾತ್ರ ಬಿಡುತ್ತಾರೆ, ಒಂದು ಸಲಕ್ಕೆ 10 ಜನ. ಮೊದಲ ಪ್ರವಾಸದಲ್ಲಿ ನಾನು ಊರು ತಲುಪಿದ ಮೇಲೆ ನೋಡಿಕೊಳ್ಳೋಣ ಅಂದುಕೊಂಡೆ. ಬಾಗಿಲ ತನಕ ಹೋಗಿ ವಾಪಸು ಬಂದೆ. ಆ ಬೇಜಾರು ಎರಡನೇ ಸಲ ಹೋಗುವವರೆಗೂ ಇತ್ತು. ಹಾಗಾಗಿ ಕೈಮುಗಿದು ಹೇಳುತ್ತೇನೆ, ವಿಮಾನದ ಟಿಕೆಟ್ ಮಾಡಿದ ದಿನವೇ, ಅಲ್ಲಿನ ಸ್ಮಾರಕಗಳನ್ನು ನೋಡಿಕೊಳ್ಳುವ ಹೆರಿಟೇಜ್ ಮಾಲ್ಟಾ ಸಂಸ್ಥೆಯ ಜಾಲತಾಣದಲ್ಲಿ ಇದನ್ನು ಬುಕ್ ಮಾಡಿ. ಎರಡು ಮೂರು ತಿಂಗಳು ಮೊದಲೇ ಮಾಡಿದರೆ ಇನ್ನೂ ಒಳ್ಳೆಯದು. ಆರು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಫೋಟೊ ತೆಗೆಯುವ ಹಾಗಿಲ್ಲ.

ಪಾವೊಲಾ ಎಂಬ ಊರಿನ ಸಾಮಾನ್ಯ ಬೀದಿ, ಅಕ್ಕಪಕ್ಕ ಮನೆಗಳು. 1902ರಲ್ಲಿ ಮನೆ ಕಟ್ಟಲು ನೀರಿನ ತೊಟ್ಟಿ ತೋಡುವಾಗ ಕೆಲಸಗಾರರು ಕಲ್ಲಿನ ಚಾವಣಿ ಒಡೆದು ಇದನ್ನು ಕಂಡರು. ಒಳಗೆ ಮೂರು ಅಂತಸ್ತು, ಎಲ್ಲವೂ ನೆಲದಡಿ. ಸುಣ್ಣದ ಕಲ್ಲನ್ನು ಜಿಂಕೆಯ ಕೊಂಬು, ಚೂಪು ಕಲ್ಲುಗಳಿಂದ ಕೊರೆದು ಮಾಡಿದ ಕೋಣೆಗಳು. ಆಗ ಲೋಹದ ಉಳಿ ಇರಲಿಲ್ಲ. ಶುರುವಾದದ್ದು ಕ್ರಿಸ್ತಪೂರ್ವ 4000ದ ಆಸುಪಾಸು. ಸುಮಾರು 7,000 ಜನರನ್ನು ಇಲ್ಲಿ ಹೂಳಿದ್ದಿರಬೇಕು ಎಂದು ಅಂದಾಜು.

ಒಳಗೆ ಹೋದಾಗ ಮೊದಲು ಮೈಗೆ ತಾಕಿದ್ದು ತೇವ. ಮಾರ್ಗದರ್ಶಿ ಒಂದು ದೀಪ ಹಾಕಿ, ನೋಡಿ ಆದ ಮೇಲೆ ಆರಿಸಿ, ಮುಂದಿನದು ಹಾಕುತ್ತಾರೆ. ಒಂದು ಕೋಣೆಯ ಚಾವಣಿಯಲ್ಲಿ ಕಾವಿ ಬಣ್ಣದ ಸುರುಳಿಗಳು. ನಮ್ಮ ಅಂಗಳದ ರಂಗೋಲಿಯಲ್ಲಿ ಬಳ್ಳಿ ಬಿಡಿಸುತ್ತಾರಲ್ಲ, ಹಾಗೇ ಒಂದರಿಂದ ಒಂದು ಹೊರಟಿವೆ. ಇನ್ನೊಂದು ಕಡೆ ಬಾಗಿಲು, ತೊಲೆ, ಕಮಾನು, ಎಲ್ಲ ಬಂಡೆಯಲ್ಲೇ ಕೊರೆದದ್ದು. ನೆಲದ ಮೇಲಿನ ಗುಡಿ ಹೇಗಿತ್ತೋ ಹಾಗೇ. ಮೇಲಿನ ಗುಡಿಗಳ ಚಾವಣಿ ಎಂದೋ ಬಿದ್ದುಹೋಗಿದೆ. ಅದು ಹೇಗಿದ್ದಿರಬಹುದು ಎಂಬ ಸುಳಿವು ಸಿಗುವುದು ಇಲ್ಲಿ, ಸತ್ತವರ ಮನೆಯಲ್ಲಿ. ಇಲ್ಲಿ ಸಿಕ್ಕ 'ಮಲಗಿದ ಹೆಂಗಸು' ಎಂಬ ಪುಟ್ಟ ಮಣ್ಣಿನ ಮೂರ್ತಿ ವಲ್ಲೆಟ್ಟಾದ ಪುರಾತತ್ವ ಸಂಗ್ರಹಾಲಯದಲ್ಲಿದೆ. ಅಂಗೈಯಲ್ಲಿ ಹಿಡಿಯುವಷ್ಟು. ಕೈ ತಲೆದಿಂಬು ಮಾಡಿಕೊಂಡು ಪಕ್ಕಕ್ಕೆ ತಿರುಗಿ ಮಲಗಿದ್ದಾಳೆ. ಅದನ್ನು ನೋಡದೆ ಬರಬೇಡಿ.

ಹೈಪೋಜಿಯಂ ಸಿಗದಿದ್ದರೆ ಬೇರೆ ಗುಡಿಗಳಿಗೆ ಹೋಗಬೇಕಾ?

ಖಂಡಿತ. ಸಿಕ್ಕರೂ ಹೋಗಬೇಕು. ದಕ್ಷಿಣದ ಕಡಲ ಬಂಡೆಗಳ ಮೇಲೆ ಹಜರ್ ಇಮ್ ಮತ್ತು ಇಮ್ನಾಯ್ದ್ರಾ ಇವೆ. ನಡುವೆ ಐದಾರು ನೂರು ಮೀಟರ್ ಇಳಿಜಾರು. ಎರಡಕ್ಕೂ ಈಗ ದೊಡ್ಡ ಡೇರೆಯಂಥ ಹೊದಿಕೆ ಹಾಕಿದ್ದಾರೆ, ಕಲ್ಲು ಮಳೆಗೆ ಕರಗಬಾರದು ಅಂತ. ಹಗಲು ರಾತ್ರಿ ಸಮವಾಗುವ ದಿನ ಹುಟ್ಟುವ ಸೂರ್ಯನ ಬೆಳಕು ಇಮ್ನಾಯ್ದ್ರಾದ ಬಾಗಿಲಿನಿಂದ ನೇರ ಒಳಗೆ ಬೀಳುತ್ತದೆ. ಇವು ಈಜಿಪ್ಟಿನ ಪಿರಮಿಡ್‌ಗಳಿಗಿಂತ ಹಳೆಯವು. ಹೆರಿಟೇಜ್ ಮಾಲ್ಟಾದ ಒಟ್ಟು ಟಿಕೆಟ್ ತೆಗೆದುಕೊಂಡರೆ ಹೀಗೆ ಬಹಳ ಜಾಗ ನೋಡಬಹುದು. ಹೈಪೋಜಿಯಂ ಮತ್ತು ಕೋ-ಕೆಥೆಡ್ರಲ್ ಮಾತ್ರ ಬೇರೆ.

ಬಿರ್ಗು ಕಡೆ ಹೋಗುವುದು ಹೇಗೆ?

ಬರಾಕ್ಕಾ ತೋಟದ ಪಕ್ಕದಲ್ಲೇ ಲಿಫ್ಟ್ ಇದೆ, ಕೋಟೆಯ ಎತ್ತರದಿಂದ ಬಂದರಿನ ಅಂಚಿಗೆ ಇಳಿಸುತ್ತದೆ. ಅಲ್ಲಿಂದ ಫೆರ್ರಿ. ನನ್ನ ಮಾತು ಕೇಳುವುದಾದರೆ ಫೆರ್ರಿ ಬಿಟ್ಟು ದೈಸಾ ಎಂಬ ಮರದ ದೋಣಿ ಹತ್ತಿ. ಚಿಕ್ಕ ದೋಣಿ, ಮೂತಿ ಮೇಲಕ್ಕೆ ಎದ್ದಿರುತ್ತದೆ. ನೀರಿನ ಮಟ್ಟದಲ್ಲಿ ಕೂತು ತಲೆಯೆತ್ತಿದರೆ ಎರಡೂ ಕಡೆ ಕೋಟೆ ಗೋಡೆ. 1565ರಲ್ಲಿ ಈ ನೀರನ್ನು ದಾಟುವುದು ಎಂದರೆ ಏನು ಅಂತ ಪುಸ್ತಕ ಓದದೆಯೇ ಅರ್ಥವಾಗುತ್ತದೆ. ಬಿರ್ಗುವಿನಲ್ಲಿ ಸೇಂಟ್ ಏಂಜೆಲೊ ಕೋಟೆ, ಇನ್ಕ್ವಿಸಿಟರ್ ಅರಮನೆ ನೋಡಿ. ಆಮೇಲೆ ಸುಮ್ನೆ ಓಣಿಗಳಲ್ಲಿ ಸುತ್ತಿ.

ಇಮ್‌ದೀನಾಗೆ ಎಷ್ಟು ಹೊತ್ತಿಗೆ ಹೋಗಬೇಕು?

ಸಂಜೆ. ಹಗಲಲ್ಲಿ ಟೂರಿಸ್ಟ್ ಬಸ್ಸುಗಳ ಜನ. ಆರರ ಮೇಲೆ ಊರು 'ಮೌನ ನಗರ' ಎಂಬ ತನ್ನ ಅಡ್ಡಹೆಸರಿಗೆ ತಕ್ಕ ಹಾಗೆ ಮೌನವಾಗುತ್ತದೆ. ಹಳೆಯ ರಾಜಧಾನಿ, ಒಳಗೆ ವಾಸ ಇರುವವರು 300ಕ್ಕಿಂತ ಕಡಿಮೆ. ಹೊರಗಿನವರ ಕಾರಿಗೆ ಪ್ರವೇಶ ಇಲ್ಲ. ಹಗಲನ್ನು ಪಕ್ಕದ ರಬಾತ್‌ನಲ್ಲಿ ಕಳೆಯಿರಿ. ಸೇಂಟ್ ಪೌಲ್ ಹೆಸರಿನ ನೆಲದಡಿಯ ಸಮಾಧಿಗಳು ಅಲ್ಲಿವೆ.

ದಾರಿಯಲ್ಲಿ ಮೋಸ್ತಾ ಚರ್ಚಿಗೆ ಇಳಿಯಿರಿ. 1942ರ ಏಪ್ರಿಲ್ 9ರಂದು ಜರ್ಮನ್ ಬಾಂಬ್ ಅದರ ಗುಮ್ಮಟ ತೂರಿ ಒಳಗೆ ಬಿತ್ತು. ಪೂಜೆಗೆ ಸುಮಾರು 300 ಜನ ಸೇರಿದ್ದರು. ಬಾಂಬ್ ಸಿಡಿಯಲಿಲ್ಲ. ಅಂಥದ್ದೇ ಒಂದು ಬಾಂಬಿನ ಮಾದರಿ ಇಟ್ಟಿದ್ದಾರೆ. ಊರವರು ಇವತ್ತಿಗೂ ಅದನ್ನು ಪವಾಡ ಎಂದೇ ಹೇಳುತ್ತಾರೆ. ಹಳ್ಳಿ ಚರ್ಚುಗಳಲ್ಲಿ ಎರಡೆರಡು ಗಡಿಯಾರ ಇರುವುದನ್ನೂ ಗಮನಿಸಿ. ಒಂದು ಸರಿ, ಒಂದು ತಪ್ಪು. ಪೂಜೆಯ ಸಮಯ ಸೈತಾನನಿಗೆ ತಿಳಿಯಬಾರದು ಎಂಬ ನಂಬಿಕೆ.

ಗೋಝೋಗೆ ಒಂದು ದಿನ ಸಾಕಾ?

ನೋಡಲು ಸಾಕು, ಇರಲು ಸಾಲದು. ಒಂದು ರಾತ್ರಿ ಉಳಿದರೆ ಚೆನ್ನ. ಉತ್ತರ ತುದಿಯ ಚಿರ್ಕೆವ್ವಾದಿಂದ ದೊಡ್ಡ ಫೆರ್ರಿ, 25 ನಿಮಿಷ. ದುಡ್ಡು ಕೊಡುವುದು ವಾಪಸು ಬರುವಾಗ. ವಲ್ಲೆಟ್ಟಾದಿಂದ ವೇಗದ ದೋಣಿಯೂ ಇದೆ, ಮುಕ್ಕಾಲು ಗಂಟೆ.

ಗೋಝೋದ ಮುಖ್ಯ ಊರು ವಿಕ್ಟೋರಿಯಾದ ಕೋಟೆ ಹತ್ತಿ ನಾಲ್ಕೂ ದಿಕ್ಕು ನೋಡಿ. ಜಿಗಾಂತಿಯಾ ಗುಡಿಗಳಿಗೆ ಹೋಗಿ. ರಕ್ಕಸಿಯೊಬ್ಬಳು ಅವರೆಕಾಳಿನಂಥ ಕಾಳು, ಜೇನು ತಿನ್ನುತ್ತಾ, ಹೆಗಲ ಮೇಲೆ ಕೂಸು ಇಟ್ಟುಕೊಂಡು ಈ ಕಲ್ಲುಗಳನ್ನು ಹೊತ್ತಳು ಎಂದು ಅಲ್ಲಿಯವರ ಕತೆ. ಐದು ಮೀಟರ್ ಮೀರಿದ ಕಲ್ಲಿನ ಕೆಳಗೆ ನಿಂತರೆ ಆ ಕತೆ ಹೇಗೆ ಹುಟ್ಟಿತು ಅಂತ ಗೊತ್ತಾಗುತ್ತದೆ. ಉತ್ತರದ ಕಡಲ ದಡದಲ್ಲಿ ಬಂಡೆಯಲ್ಲೇ ಕೊರೆದ ಉಪ್ಪಿನ ಮಡಿಗಳಿವೆ, ಈಗಲೂ ಉಪ್ಪು ತೆಗೆಯುತ್ತಾರೆ. ಫೋಟೊಗಳಲ್ಲಿ ಕಾಣುವ 'ಅಜೂರ್ ವಿಂಡೋ' ಎಂಬ ಕಲ್ಲಿನ ಕಮಾನು ಮಾತ್ರ ಈಗ ಇಲ್ಲ. 2017ರ ಮಾರ್ಚ್ 8ರ ಬಿರುಗಾಳಿಗೆ ಸಮುದ್ರಕ್ಕೆ ಬಿತ್ತು.

ಬ್ಲೂ ಲಗೂನ್?

ಕೊಮಿನೊ ದ್ವೀಪದ ತಿಳಿನೀಲಿ ನೀರಿನ ಕೊಲ್ಲಿ ಇದು. ನೀರಿನ ಬಣ್ಣ ನಿಜಕ್ಕೂ ಫೋಟೊದಲ್ಲಿರುವ ಹಾಗೇ ಇದೆ. ಜನವೂ ಅಷ್ಟೇ ಇರುತ್ತಾರೆ. ಕೊಮಿನೊ ಮೂರುವರೆ ಚದರ ಕಿ.ಮೀ. ಜಾಗ, ಪಾಪ ಅದು ಎಷ್ಟು ಜನರನ್ನು ತಡೆದೀತು? 2025ರಿಂದ ಮೊದಲೇ ಆನ್‌ಲೈನ್‌ನಲ್ಲಿ ಹೆಸರು ಬರೆಸಿ ಹೋಗುವ ಪದ್ಧತಿ ತಂದಿದ್ದಾರೆ, ಹೊರಡುವ ಮುಂಚೆ ನೋಡಿಕೊಳ್ಳಿ. ಮರಳಿನ ದಡ ಬೇಕಾದರೆ ಮೆಲ್ಲೀಹಾ ಅಥವಾ ಗೋಲ್ಡನ್ ಬೇ ಸಾಕು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಸಿಗುತ್ತದೆ. ಅಲ್ಲಿಯ ಹೆಸರುವಾಸಿ ಅಡುಗೆ ಮೊಲದ ಮಾಂಸದ್ದು, ಆದರೆ ಬೀದಿ ತಿಂಡಿಯಲ್ಲಿ ನಮಗೆ ಬೇಕಾದ್ದು ತುಂಬಾ ಇದೆ. ಪಸ್ತಿತ್ಸಿ ನಮ್ಮ ಬೇಕರಿ ಪಫ್ಸಿನ ಅಣ್ಣ. ಒಳಗೆ ರಿಕೊಟ್ಟಾ ಎಂಬ ಚೀಸ್, ಇಲ್ಲವೇ ಬೇಯಿಸಿ ಮಸೆದ ಬಟಾಣಿ. ಒಲೆಯಿಂದ ತೆಗೆದ ತಕ್ಷಣ ತಿನ್ನಿ, ಪದರ ಪದರ ಉದುರಿ ಅಂಗಿ ಮೇಲೆಲ್ಲಾ ಬೀಳುತ್ತದೆ. ಕೆಲವು ಕಡೆ ಹಿಟ್ಟಿಗೆ ಹಂದಿ ಕೊಬ್ಬು ಹಾಕುವುದುಂಟು. ಅದಕ್ಕೇ ಕೇಳಿ ತೆಗೆದುಕೊಳ್ಳಿ. ಬಿಗಿಲ್ಲಾ ಎಂಬುದು ಬೇಯಿಸಿದ ಕಾಳು, ಬೆಳ್ಳುಳ್ಳಿ ಅರೆದ ಗೊಜ್ಜು. ಫ್ತೀರಾ ರೊಟ್ಟಿಯೊಳಗೆ ಟೊಮೆಟೊ, ಎಣ್ಣೆ, ಆಲಿವ್ ಇರುತ್ತದೆ. ಮೀನು ಬೇಡ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಟ್ಯೂನಾ ಹಾಕಿಬಿಡುತ್ತಾರೆ. ವಲ್ಲೆಟ್ಟಾ ಬಾಗಿಲ ಬಳಿ ಖರ್ಜೂರದ ಹೂರಣ ತುಂಬಿ ಕರಿದ ಇಮ್‌ಆರೆತ್ ಸಿಗುತ್ತದೆ. ಅಮ್ಮ ದಿನಾ ಸಂಜೆ ಎರಡು ತಿಂದರು.

ಭಾಷೆಯ ತೊಂದರೆ?

ಇಲ್ಲ, ಇಂಗ್ಲಿಷ್ ಎಲ್ಲರಿಗೂ ಬರುತ್ತದೆ. ಆದರೆ ಮಾಲ್ಟೀಸ್ ಭಾಷೆಗೆ ಕಿವಿಗೊಡಿ. ಅರಬಿಯಿಂದ ಬಂದದ್ದು, ಬರೆಯುವುದು ಲ್ಯಾಟಿನ್ ಅಕ್ಷರದಲ್ಲಿ. ಪುಸ್ತಕಕ್ಕೆ 'ಕ್ತೀಬ್', ಜಗತ್ತಿಗೆ 'ದಿನ್ಯಾ'. ನಮ್ಮ ದುನಿಯಾದ ನೆಂಟ ಅಲ್ವಾ? ಕ್ಯಾಥೊಲಿಕ್ ಜನ ದೇವರನ್ನು 'ಅಲ್ಲಾ' ಎಂದು ಕರೆಯುತ್ತಾರೆ. ಬೋರ್ಡಿನಲ್ಲಿ ಎಕ್ಸ್ ಅಕ್ಷರ ಕಂಡರೆ 'ಶ' ಎಂದು ಓದಿ. ಧನ್ಯವಾದಕ್ಕೆ 'ಗ್ರಾತ್ಸಿ'. ಬಸ್ ಡ್ರೈವರ್‌ಗಳಲ್ಲಿ, ಆಸ್ಪತ್ರೆ ನರ್ಸ್‌ಗಳಲ್ಲಿ ಭಾರತದವರೂ ಇದ್ದಾರೆ. ಸಿಂಧಿ ವ್ಯಾಪಾರಿಗಳು ನೂರು ವರ್ಷಕ್ಕೂ ಹಿಂದೆಯೇ ಅಲ್ಲಿ ನೆಲೆಸಿದವರು.

ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ?

ಅಮ್ಮನಿಗೆ ಮೊಣಕಾಲು ನೋವು. ವಲ್ಲೆಟ್ಟಾದ ಅಡ್ಡಬೀದಿಗಳು ಮೆಟ್ಟಿಲು ಮೆಟ್ಟಿಲು, ಅಲ್ಲಿ ಕಷ್ಟ. ನಡುವಿನ ರಿಪಬ್ಲಿಕ್ ಬೀದಿ ಹಿಡಿದು ಹೋದರೆ ಅಷ್ಟು ತೊಂದರೆ ಇಲ್ಲ. ಕಾಲುಹಾದಿಯ ಕಲ್ಲು ಸವೆದು ಗಾಜಿನ ಹಾಗೆ ನುಣುಪಾಗಿದೆ. ಮಳೆ ಬಿದ್ದರೆ ಜಾರುತ್ತದೆ. ಹಿಡಿತ ಇರುವ ಶೂ ಹಾಕಿಸಿ. ಚರ್ಚುಗಳಿಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು, ಒಂದು ಶಾಲು ಬ್ಯಾಗಿನಲ್ಲಿರಲಿ. ಪ್ಲಗ್ ಇಂಗ್ಲೆಂಡಿನ ಹಾಗೆ ಮೂರು ಚಪ್ಪಟೆ ಕಡ್ಡಿಯದು.

ಹೊರಡುವ ದಿನ ಅರ್ಧ ದಿನ ಉಳಿದಿದೆ. ಏನು ನೋಡಲಿ?

ಮರ್ಸಶ್ಲೋಕ್. ವಿಮಾನ ನಿಲ್ದಾಣಕ್ಕೆ ದೂರವಿಲ್ಲ. ಮೀನುಗಾರರ ಊರು, ಭಾನುವಾರ ಸಂತೆ. ಬಂದರಿನ ತುಂಬ ಲುತ್ಸು ಎಂಬ ದೋಣಿಗಳು, ಹಳದಿ, ನೀಲಿ, ಕೆಂಪು, ಹಸಿರು ಪಟ್ಟಿ ಬಳಿದವು. ಪ್ರತಿ ದೋಣಿಯ ಮೂತಿಯ ಎರಡೂ ಬದಿಗೆ ಒಂದೊಂದು ಕಣ್ಣು. ಪುರಾತನ ಕಾಲದ ಕಡಲ ವ್ಯಾಪಾರಿಗಳಾದ ಫೀನಿಷಿಯನ್ನರಿಂದ ಬಂದ ಪದ್ಧತಿ ಎನ್ನುತ್ತಾರೆ. ಒಬ್ಬ ಅಜ್ಜ ದಡದಲ್ಲಿ ಕೂತು ದೋಣಿಯ ಹಳೆಯ ಬಣ್ಣ ಕೆರೆದು ಹೊಸದು ಬಳಿಯುತ್ತಿದ್ದರು. ಕಣ್ಣಿನ ಹತ್ತಿರ ಬಂದಾಗ ದೊಡ್ಡ ಕುಂಚ ಕೆಳಗಿಟ್ಟು, ಡಬ್ಬಿಯಿಂದ ಸಣ್ಣ ಕುಂಚ ತೆಗೆದರು. ರೆಪ್ಪೆಯ ಗೆರೆ ಎಳೆದು ಮುಗಿಸುವವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು.